ಲೋಳೆಯ ಡಬ್ಬಿಯ ಮೇಲೆ ಯಾರ ಹೆಸರಿದೆ?

ಮಲೆನಾಡಿನ ಜಾತ್ರೆಗಳಲ್ಲಿ ತೇರಿನ ಬೀದಿಯ ಎರಡೂ ಮಗ್ಗುಲಿಗೆ ಹರಡಿದ ಆಟಿಕೆಯ ಅಂಗಡಿಗಳಿಗೆ ವಿಚಿತ್ರವಾದ ಸರಕೊಂದು ಬಂದು ಕುಳಿತಿದೆ. ಪುಟ್ಟ ಡಬ್ಬಿಯೊಳಗೆ ಬೆರಳಿನಿಂದ ಜಾರುವ ಹಸಿರು ಲೋಳೆ, ಹಿಸುಕಿದೊಡನೆ ಕಣ್ಣುಗುಡ್ಡೆ ಹೊರಚಾಚುವ ಗೊಂಬೆ, ಗೋಡೆಗೆ ಎಸೆದರೆ ಅಂಟಿಕೊಂಡು ಮೆಲ್ಲಗೆ ಇಳಿಯುವ ಜಿಗುಟು ಕೈ, ಮುಟ್ಟಿದರೆ ಮೈ ಜುಮ್ಮೆನಿಸುವ ರಬ್ಬರಿನ ಹಲ್ಲಿ ಮತ್ತು ಜಿರಲೆ. ಬೆಲೆ ಹತ್ತೋ ಇಪ್ಪತ್ತೋ ರೂಪಾಯಿ. ಮಕ್ಕಳು ಮುಗಿಬೀಳುತ್ತಾರೆ, ಹಿರಿಯರು ‘ಇಸ್ಸಿ’ ಎಂದು ಮುಖ ತಿರುಗಿಸುತ್ತಾರೆ. ಮಕ್ಕಳ ಸಂತೋಷವೂ ಹಿರಿಯರ ಅಸಹ್ಯವೂ ಸಹಜವಾದವುಗಳೇ. ಆದರೆ ಇವೆರಡರ ನಡುವೆ ಕೇಳಲೇಬೇಕಾದ ಪ್ರಶ್ನೆಯೊಂದು ಕೇಳದೆ ಉಳಿದುಬಿಡುತ್ತದೆ. ಆ ಡಬ್ಬಿಯನ್ನು ತಿರುಗಿಸಿ ನೋಡಿದರೆ ಅನೇಕ ವೇಳೆ ತಯಾರಕರ ಹೆಸರಿರುವುದಿಲ್ಲ, ವಿಳಾಸವಿರುವುದಿಲ್ಲ, ಒಳಗಿರುವುದು ಏನೆಂಬ ವಿವರವೂ ಇರುವುದಿಲ್ಲ. ಹೇಸಿಗೆ ಇರುವುದು ಲೋಳೆಯಲ್ಲಲ್ಲ. ಮಗುವಿನ ಕೈಗೆ ಏನನ್ನು ಕೊಡುತ್ತಿದ್ದೇನೆಂದು ಹೇಳದೆಯೇ ಹಣ ಎಣಿಸಿಕೊಳ್ಳುವ ಈ ವ್ಯಾಪಾರದಲ್ಲಿ.

ಅಸಹ್ಯದ ಆಟ ಹೊಸತಲ್ಲ

ಮೊದಲಿಗೆ ಮಕ್ಕಳ ಪರವಾಗಿ ಒಂದು ಮಾತು. ಅಂಟು, ಲೋಳೆ, ಹುಳು, ದುರ್ವಾಸನೆ ಇವುಗಳ ಕುರಿತ ಮಗುವಿನ ಕುತೂಹಲವು ಕೆಟ್ಟ ಅಭಿರುಚಿಯಲ್ಲ. ಹೆದರಿಕೆ ಹುಟ್ಟಿಸುವುದನ್ನು ಮುಟ್ಟಿ ನೋಡಿ, ಮುಟ್ಟಿದ ಮೇಲೂ ಏನೂ ಆಗಲಿಲ್ಲವೆಂದು ನಗುವುದು ಮಗು ಜಗತ್ತನ್ನು ಅರಿಯುವ ಒಂದು ದಾರಿ. ಮಲೆನಾಡಿನ ಬಾಲ್ಯಕ್ಕೆ ಇದನ್ನು ಯಾರೂ ಡಬ್ಬಿಯಲ್ಲಿ ತಂದುಕೊಡಬೇಕಾಗಿರಲಿಲ್ಲ. ದಾಸವಾಳದ ಎಲೆಯನ್ನು ನೀರಿನಲ್ಲಿ ಹಿಚುಕಿದರೆ ಬರುವ ಗೊಂಪು ತಲೆಸ್ನಾನಕ್ಕೆ ಎಷ್ಟೋ, ಮಕ್ಕಳ ಆಟಕ್ಕೂ ಅಷ್ಟೇ ಒದಗುತ್ತಿತ್ತು. ಹಲಸಿನ ಮೇಣವನ್ನು ಕೋಲಿಗೆ ಸುತ್ತಿ ಜತೆಗಾರನ ಕೂದಲಿಗೆ ಅಂಟಿಸಿ ಓಡುವುದು, ಚೋರಟೆಯನ್ನು ಮುಟ್ಟಿ ಸುರುಳಿಯಾಗಿಸುವುದು, ಕಾಲಿಗೆ ಹತ್ತಿದ ಇಂಬಳವನ್ನು ಕಿತ್ತು ಅಳುಬುರುಕರ ಮುಂದೆ ಹಿಡಿಯುವುದು, ಗೊದಮೊಟ್ಟೆಗಳನ್ನು ಬೊಗಸೆಯಲ್ಲಿ ತುಂಬಿಕೊಳ್ಳುವುದು, ಇವೆಲ್ಲ ಮಳೆಗಾಲದ ಪಾಠಗಳೇ ಆಗಿದ್ದವು. ಈ ಆಟಗಳಲ್ಲಿ ಅಸಹ್ಯವಿತ್ತು, ವಂಚನೆ ಇರಲಿಲ್ಲ. ಮೇಣ ಯಾವ ಮರದ್ದೆಂದು, ಇಂಬಳ ಎಲ್ಲಿಂದ ಹತ್ತಿತೆಂದು ಮಗುವಿಗೆ ತಿಳಿದಿತ್ತು. ಆಟ ಮುಗಿದ ಮೇಲೆ ಗೊಂಪು ಮಣ್ಣಿಗೆ, ಗೊದಮೊಟ್ಟೆ ಹಳ್ಳಕ್ಕೆ ಮರಳುತ್ತಿದ್ದವು.

ಆದ್ದರಿಂದ ಜಾತ್ರೆಯ ಲೋಳೆಡಬ್ಬಿಯನ್ನು ವಿರೋಧಿಸಬೇಕಾದುದು ಅದು ಅಸಭ್ಯವೆಂಬ ಕಾರಣಕ್ಕಲ್ಲ. ಹಾಗೆ ವಿರೋಧಿಸುವವರು ಮಗುವನ್ನು ಗದರಿಸಿ ತೃಪ್ತರಾಗುತ್ತಾರೆ. ವ್ಯಾಪಾರಿಯನ್ನು ಪ್ರಶ್ನಿಸುವುದೇ ಇಲ್ಲ.

ಕಸದ ಬುಟ್ಟಿಯಲ್ಲಿ ಬಂದ ಲೋಳೆ

ಈ ಸರಕಿನ ಮೂಲ ಅಮೆರಿಕದಲ್ಲಿದೆ. 1976ರಲ್ಲಿ ಮ್ಯಾಟೆಲ್ ಎಂಬ ಆಟಿಕೆ ಕಂಪನಿಯು ‘ಸ್ಲೈಮ್’ ಎಂಬ ಹೆಸರಿನಲ್ಲಿ ಹಸಿರು ಲೋಳೆಯನ್ನು ಮಾರುಕಟ್ಟೆಗೆ ತಂದಿತು. ಅದನ್ನು ತುಂಬಿ ಮಾರಿದ್ದು ಆಟಿಕೆಯ ಗಾತ್ರದ ಪ್ಲಾಸ್ಟಿಕ್ ಕಸದ ಬುಟ್ಟಿಯಲ್ಲಿ. ನಂತರದ ಆವೃತ್ತಿಗಳಲ್ಲಿ ರಬ್ಬರಿನ ಹುಳುಗಳನ್ನೂ ಕಣ್ಣುಗುಡ್ಡೆಗಳನ್ನೂ ಲೋಳೆಯೊಳಗೆ ಸೇರಿಸಲಾಯಿತು. ತಾಯಿತಂದೆಯರಿಗೆ ಎಷ್ಟು ಅಸಹ್ಯವೋ ಮಕ್ಕಳಿಗೆ ಅಷ್ಟು ಪ್ರಿಯ ಎಂಬ ಲೆಕ್ಕಾಚಾರ ಫಲಿಸಿತು.

ಆ ಲೋಳೆಯ ಮುಖ್ಯ ಪದಾರ್ಥ ಗ್ವಾರ್ ಅಂಟು. ಅದು ಅಡುಗೆಮನೆಗಳಿಗೆಲ್ಲ ಪರಿಚಿತವಾದ ಗೋರಿಕಾಯಿಯ ಬೀಜದಿಂದ ತೆಗೆಯುವ ಪುಡಿ. ಜಗತ್ತಿನ ಗ್ವಾರ್ ಬೆಳೆಯಲ್ಲಿ ಸುಮಾರು ಶೇ. 80ರಷ್ಟು ಭಾರತದ್ದು, ಅದರಲ್ಲಿಯೂ ದೊಡ್ಡ ಪಾಲು ರಾಜಸ್ಥಾನದ ಒಣಭೂಮಿಯದು. ಈ ಪುಡಿಯನ್ನು ನೀರಿನಲ್ಲಿ ಕಲಸಿ, ಅದಕ್ಕೆ ಬಿಳಿಗಾರದ ದ್ರಾವಣ ಬೆರೆಸಿದರೆ ಅಂಟಿನ ಉದ್ದನೆಯ ಅಣುಸರಪಳಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಜಾರುವ ಲೋಳೆಯಾಗುತ್ತದೆ. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರವೇ ಇಂಗ್ಲಿಷಿನ ಬೋರಾಕ್ಸ್. ಅದರಲ್ಲಿರುವ ಮೂಲಧಾತು ಬೋರಾನ್.

1980ರ ದಶಕದ ಮಧ್ಯದಲ್ಲಿ ಈ ಹೇಸಿಗೆಯ ಮಾರುಕಟ್ಟೆ ಇನ್ನಷ್ಟು ಹಿಗ್ಗಿತು. 1985ರಲ್ಲಿ ಟಾಪ್ಸ್ ಕಂಪನಿಯು ‘ಗಾರ್ಬೇಜ್ ಪೇಲ್ ಕಿಡ್ಸ್’ ಎಂಬ ಅಂಟುಚಿತ್ರಗಳನ್ನು ತಂದಿತು. ಹೆಸರೇ ಹೇಳುವಂತೆ ಕಸದ ಬುಟ್ಟಿಯ ಮಕ್ಕಳು. ಸುಮಾರು ಅದೇ ಹೊತ್ತಿಗೆ ‘ಮ್ಯಾಡ್‌ಬಾಲ್ಸ್’ ಎಂಬ ವಿಕಾರ ಮುಖದ ಚೆಂಡುಗಳು ಬಂದವು. 1992ರಲ್ಲಿ ‘ಗ್ಯಾಕ್’ ಎಂಬ ಇನ್ನೊಂದು ಲೋಳೆ ಬಂದಿತು. ಕಸದ ಬುಟ್ಟಿಯ ಚಿತ್ರವನ್ನು ಇಷ್ಟು ಉತ್ಸಾಹದಿಂದ ಮಾರಿದ ಉದ್ಯಮವು ತನ್ನ ಸರಕು ಕೊನೆಗೆ ಸೇರುವ ನಿಜವಾದ ಕಸದ ಬುಟ್ಟಿಯ ಬಗ್ಗೆ ಎಂದೂ ತಲೆಕೆಡಿಸಿಕೊಳ್ಳಲಿಲ್ಲ ಎಂಬುದನ್ನು ಗಮನಿಸಬೇಕು.

ನೆನಪೂ ಒಂದು ಸರಕು

ಆ ಕಾಲದ ಅಮೆರಿಕದ ಮಕ್ಕಳಿಗೆ ಈಗ ನಲವತ್ತು, ಐವತ್ತು ವರ್ಷ. ಅವರಲ್ಲಿ ಹಣವಿದೆ, ಕಳೆದುಹೋದ ಬಾಲ್ಯದ ಹಂಬಲವಿದೆ. ಮನುಷ್ಯನ ಯಾವ ಹಂಬಲವನ್ನೂ ಮಾರುಕಟ್ಟೆ ಸುಮ್ಮನೆ ಬಿಡುವುದಿಲ್ಲ. ಹಳೆಯ ಆಟಿಕೆಗಳು ಮರುಮುದ್ರಣ ಕಂಡ ಪುಸ್ತಕಗಳಂತೆ ಮತ್ತೆ ಬಂದವು. ಮೂಲಪ್ರತಿಗಳು ಸಂಗ್ರಾಹಕರ ನಡುವೆ ದುಬಾರಿ ಬೆಲೆಗೆ ಕೈ ಬದಲಿಸತೊಡಗಿದವು. 2016-17ರ ಹೊತ್ತಿಗೆ ಮನೆಯಲ್ಲಿಯೇ ಲೋಳೆ ತಯಾರಿಸುವ ಗೀಳು ಅಂತರ್ಜಾಲದ ಮೂಲಕ ದೇಶದೇಶಗಳಿಗೆ ಹರಡಿ, ಲೋಳೆಗೆ ಎರಡನೆಯ ಜನ್ಮ ಬಂದಿತು.

ಬೇಡಿಕೆ ಎಲ್ಲಿದೆಯೋ ಅಲ್ಲಿಗೆ ನಕಲು ಓಡಿಬರುತ್ತದೆ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಶಾಂತೌ ನಗರದ ಚೆಂಗ್‌ಹಾಯ್ ಭಾಗವು ಆಟಿಕೆ ತಯಾರಿಕೆಗೇ ಹೆಸರಾದುದು. ಝೆಜಿಯಾಂಗ್ ಪ್ರಾಂತದ ಯೀವು ನಗರವು ಸಣ್ಣಪುಟ್ಟ ಸಾಮಾನುಗಳ ಸಗಟು ಮಾರುಕಟ್ಟೆಗೆ ಜಗತ್ಪ್ರಸಿದ್ಧ. ಇಂಥ ಕೇಂದ್ರಗಳಿಂದ ಹೆಸರಿಲ್ಲದ ಆಟಿಕೆಗಳು ಹಡಗು ತುಂಬಿ ಹೊರಡುತ್ತವೆ. ಅವುಗಳನ್ನು ನೋಡಿ ಇನ್ನಷ್ಟು ಅಗ್ಗವಾಗಿ ಮಾಡುವವರು ಭಾರತದ ನಗರಗಳಲ್ಲಿಯೂ ಇದ್ದಾರೆ. ಹೀಗೆ ಒಂದು ನಾಡಿನವರು ಬಾಲ್ಯವನ್ನು ನೆನೆದು ಕೊಳ್ಳುವ ವಸ್ತುವಿನ ನಕಲು, ಆ ನೆನಪೇ ಇಲ್ಲದ ಇನ್ನೊಂದು ನಾಡಿನ ಜಾತ್ರೆಯಲ್ಲಿ ರಾಶಿ ಬೀಳುತ್ತದೆ. ಮಲೆನಾಡಿನ ಮಗುವಿಗೆ ಸಿಗುತ್ತಿರುವುದು ಬೇರೆಯವರ ನೆನಪಿನ ಎಂಜಲು.

ರೂಪ ನಕಲಾಗುತ್ತದೆ, ಹೊಣೆ ನಕಲಾಗುವುದಿಲ್ಲ

ನಕಲು ಎಂದರೆ ಕೇವಲ ಹೆಸರಿನ ಕಳ್ಳತನವಾಗಿದ್ದರೆ ಅದು ಕಂಪನಿಗಳ ಜಗಳವೆಂದು ಬಿಟ್ಟುಬಿಡಬಹುದಿತ್ತು. ಮ್ಯಾಟೆಲ್‌ನ ಲಾಭಕ್ಕೆ ಧಕ್ಕೆ ಬಂದರೆ ಮಲೆನಾಡು ಅಳಬೇಕಾಗಿಲ್ಲ. ಆದರೆ ನಕಲು ಮಾಡುವಾಗ ಅನುಕರಿಸುವುದು ಬಣ್ಣ, ಆಕಾರ, ಜಾರುವ ಗುಣ ಇವುಗಳನ್ನು ಮಾತ್ರ. ಒಳಗಿನ ಪದಾರ್ಥದ ಆಯ್ಕೆ, ಪ್ರಮಾಣ, ಪರೀಕ್ಷೆ ಇವೆಲ್ಲ ಖರ್ಚಿನ ಬಾಬತ್ತುಗಳಾದ್ದರಿಂದ ಮೊದಲು ಕತ್ತರಿ ಬೀಳುವುದು ಅವುಗಳಿಗೇ.

ಲೋಳೆಯನ್ನೇ ನೋಡಬಹುದು. ಈಗಿನ ಬಹಳಷ್ಟು ಲೋಳೆಗಳಲ್ಲಿ ಗೋರಿಕಾಯಿಯ ಅಂಟಿನ ಜಾಗವನ್ನು ಪಾಲಿವಿನೈಲ್ ಆಲ್ಕೊಹಾಲ್ ಎಂಬ ಕೃತಕ ಅಂಟು ಹಿಡಿದಿದೆ. ಲೋಳೆ ಗಟ್ಟಿಯಾಗಿ ನಿಲ್ಲಲು ಬಿಳಿಗಾರ ಬೇಕು. ಅದು ಎಷ್ಟು ಬೇಕೆಂಬುದನ್ನು ಅಳತೆ ಮಾಡದ ಕೈ, ಹೆಚ್ಚು ಹಾಕಿ ಕೈತೊಳೆದುಕೊಳ್ಳುತ್ತದೆ. ಯೂರೋಪಿನ ಒಕ್ಕೂಟದ ಆಟಿಕೆ ಸುರಕ್ಷತಾ ನಿಯಮದ ಪ್ರಕಾರ ಅಂಟಂಟಾದ ಆಟಿಕೆಯ ಪ್ರತಿ ಕಿಲೋಗ್ರಾಂನಿಂದ ಹೊರಬರಬಹುದಾದ ಬೋರಾನ್ 300 ಮಿಲಿಗ್ರಾಂ ಮೀರಬಾರದು. 2018ರ ಜುಲೈನಲ್ಲಿ ಬ್ರಿಟನ್ನಿನ ಗ್ರಾಹಕ ಸಂಸ್ಥೆ ‘ವಿಚ್?’ ಮಾರುಕಟ್ಟೆಯಿಂದ 11 ಲೋಳೆಗಳನ್ನು ತಂದು ಪರೀಕ್ಷಿಸಿದಾಗ ಅವುಗಳಲ್ಲಿ 8 ಈ ಮಿತಿಯನ್ನು ಮೀರಿದ್ದವು. ಅತಿ ಕೆಟ್ಟದ್ದರಲ್ಲಿದ್ದ ಬೋರಾನ್ ಮಿತಿಯ ನಾಲ್ಕು ಪಟ್ಟಿಗಿಂತಲೂ ಹೆಚ್ಚು. ಕಾನೂನು ಬಿಗಿಯಾಗಿರುವ, ಪ್ರಯೋಗಾಲಯಗಳು ಕೈಗೆಟಕುವ ದೇಶದ ಸ್ಥಿತಿ ಇದು.

ಬೋರಾನ್ ಅತಿಯಾಗಿ ಮೈಸೇರಿದರೆ ವಾಂತಿ, ಭೇದಿ, ಹೊಟ್ಟೆನುಲಿತ ಕಾಣಿಸಿಕೊಳ್ಳುತ್ತವೆ, ಚರ್ಮ ಉರಿಯುತ್ತದೆ. ಬೋರಿಕ್ ಆಮ್ಲವನ್ನೂ ಬಿಳಿಗಾರವನ್ನೂ ಯೂರೋಪಿನ ಒಕ್ಕೂಟವು ಪ್ರಜನನ ಶಕ್ತಿಗೆ ಹಾನಿ ಮಾಡಬಲ್ಲ ವಸ್ತುಗಳ ಸಾಲಿಗೆ ಸೇರಿಸಿದೆ. ಅಡಿಕೆ ಬೆಳೆಗಾರರಿಗೆ ಬಿಳಿಗಾರ ಹೊಸದಲ್ಲ. ಬೋರಾನ್ ಕೊರತೆಯಿಂದ ಕಾಯಿ ಸೀಳುವ ತೋಟಗಳಲ್ಲಿ ಲೀಟರು ನೀರಿಗೆ 2 ಗ್ರಾಂ ಬಿಳಿಗಾರ ಕದಡಿ ಸಿಂಪಡಿಸುವ ಕ್ರಮವಿದೆ. ಕೊರತೆ ಮತ್ತು ಅತಿರೇಕಗಳ ನಡುವಿನ ಅಂತರ ತೀರ ಕಿರಿದಾದ ವಸ್ತುವೆಂದೇ ಅಲ್ಲಿ ತೂಗಿ ಹಾಕುತ್ತಾರೆ. ಅಡಿಕೆ ಮರಕ್ಕೆ ತೂಗಿ ಕೊಡುವ ವಸ್ತುವನ್ನು ಮಗುವಿನ ಅಂಗೈಗೆ ತೂಗದೆ ಸುರಿಯುವುದು ಯಾವ ನ್ಯಾಯ?

ಲೋಳೆ ಕೊಳೆಯದಿರಲೆಂದು ಹಾಕುವ ಐಸೋಥಯಾಝೋಲಿನೋನ್ ವರ್ಗದ ಸಂರಕ್ಷಕಗಳು ಕೆಲವರ ಚರ್ಮದಲ್ಲಿ ಅಲರ್ಜಿಯ ಹುಣ್ಣು ಎಬ್ಬಿಸುತ್ತವೆ. ಪಿ.ವಿ.ಸಿ. ಹಲ್ಲಿ, ಗೊಂಬೆಗಳನ್ನು ಮೆತ್ತಗಾಗಿಸಲು ಬೆರೆಸುವ ಥಾಲೇಟ್‌ಗಳು ಪ್ಲಾಸ್ಟಿಕ್ಕಿನೊಂದಿಗೆ ಗಟ್ಟಿಯಾಗಿ ಬೆಸೆದುಕೊಂಡಿರುವುದಿಲ್ಲ. ಮಗು ಚೀಪಿದಾಗ ಜೊಲ್ಲಿನೊಂದಿಗೆ ಒಳಸೇರುತ್ತವೆ. ದೇಹದ ಹಾರ್ಮೋನುಗಳ ಕೆಲಸವನ್ನು ಕೆಡಿಸುವವೆಂಬ ಕಾರಣಕ್ಕೆ ಯೂರೋಪು 1999ರಲ್ಲಿ ತಾತ್ಕಾಲಿಕವಾಗಿ, 2005ರಲ್ಲಿ ಶಾಶ್ವತವಾಗಿ ಇವುಗಳಲ್ಲಿ ಕೆಲವನ್ನು ಮಕ್ಕಳ ಸಾಮಾನುಗಳಿಂದ ಹೊರಗಿಟ್ಟಿತು. 2010ರ ಜನವರಿಯಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಭಾರತದ ಮಾರುಕಟ್ಟೆಯ 24 ಆಟಿಕೆಗಳನ್ನು ಪರೀಕ್ಷಿಸಿದಾಗ ಎಲ್ಲದರಲ್ಲಿಯೂ ಥಾಲೇಟ್ ಕಂಡುಬಂದಿತು. 2019ರಲ್ಲಿ ಭಾರತೀಯ ಗುಣಮಟ್ಟ ಮಂಡಳಿಯು ದೆಹಲಿ ಸುತ್ತಲಿನ ಮಾರುಕಟ್ಟೆಗಳಿಂದ 121 ಬಗೆಯ ಆಮದು ಆಟಿಕೆಗಳನ್ನು ತಂದು ಪರೀಕ್ಷಿಸಿತು, ಶೇ. 66.9ರಷ್ಟು ಸುರಕ್ಷತಾ ಪರೀಕ್ಷೆಯಲ್ಲಿ ಸೋತವು. ಮೂರರಲ್ಲಿ ಎರಡು ಆಟಿಕೆ ಮಕ್ಕಳ ಕೈಗೆ ಕೊಡಲು ತಕ್ಕುದಲ್ಲವೆಂದ ಮೇಲೆ ಅದನ್ನು ಕೆಲವೇ ಕಿಡಿಗೇಡಿಗಳ ಕೆಲಸವೆನ್ನಲಾಗದು. ಆ ವ್ಯಾಪಾರ ನಡೆಯುವ ರೀತಿಯೇ ಅದು.

‘ಅಸಲಿ’ಯ ಕೈಯೂ ಶುದ್ಧವಲ್ಲ

ಇಲ್ಲಿ ಒಂದು ಸುಲಭದ ಉತ್ತರ ಕೇಳಿಬರುತ್ತದೆ: ನಕಲಿ ಬೇಡ, ದುಡ್ಡು ಹೆಚ್ಚಾದರೂ ಅಸಲಿ ಕೊಳ್ಳಿ. ದೊಡ್ಡ ಕಂಪನಿಗಳ ಜಾಹೀರಾತು ಹೇಳುವುದೂ ಇದನ್ನೇ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

1993ರ ಮೇ 10ರಂದು ಥಾಯ್ಲೆಂಡಿನ ಕಾಡರ್ ಆಟಿಕೆ ಕಾರ್ಖಾನೆಗೆ ಬೆಂಕಿ ಬಿದ್ದು 188 ಕಾರ್ಮಿಕರು ಸತ್ತರು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಗಾಡಿನಿಂದ ಬಂದ ಎಳೆಯ ಹೆಣ್ಣುಮಕ್ಕಳು. ಅಲ್ಲಿ ತಯಾರಾಗುತ್ತಿದ್ದುದು ಜಾತ್ರೆಯ ನಕಲಿ ಸರಕಲ್ಲ, ಅಮೆರಿಕದ ಹೆಸರಾಂತ ಕಂಪನಿಗಳ ಗೊಂಬೆಗಳು. ಅದೇ ವರ್ಷದ ನವೆಂಬರಿನಲ್ಲಿ ಚೀನಾದ ಷೆನ್‌ಜೆನ್‌ನ ಝೀಲಿ ಆಟಿಕೆ ಕಾರ್ಖಾನೆಯ ಬೆಂಕಿಯಲ್ಲಿ ಎಂಬತ್ತಕ್ಕೂ ಹೆಚ್ಚು ಕಾರ್ಮಿಕರು ಬಲಿಯಾದರು. ಕಿಟಕಿಗಳಿಗೆ ಕಂಬಿ, ಬಾಗಿಲುಗಳಿಗೆ ಬೀಗ ಹಾಕಲಾಗಿತ್ತು. 2007ರಲ್ಲಿ ಇದೇ ಮ್ಯಾಟೆಲ್ ಕಂಪನಿಯು ಬಣ್ಣದಲ್ಲಿ ಸೀಸವಿದೆಯೆಂದು ಲಕ್ಷಾಂತರ ಆಟಿಕೆಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಹೆಸರಿದ್ದ ಮಾತ್ರಕ್ಕೆ ಶುದ್ಧಿಯಿಲ್ಲ. ಆದರೆ ಹೆಸರಿದ್ದುದರಿಂದಲೇ ಆ ಆಟಿಕೆಗಳನ್ನು ಹಿಂದಕ್ಕೆ ಕರೆಸಲು ಸಾಧ್ಯವಾಯಿತು. ಹೆಸರಿಲ್ಲದ ಡಬ್ಬಿಯನ್ನು ಹಿಂದಕ್ಕೆ ಕರೆಸುವವರು ಯಾರು?

ಅಸಲಿ ಎಂಬ ಪದವಾದರೂ ಎಷ್ಟು ಅಸಲಿ? ಗಾರ್ಬೇಜ್ ಪೇಲ್ ಕಿಡ್ಸ್ ಹುಟ್ಟಿದ್ದೇ ‘ಕ್ಯಾಬೇಜ್ ಪ್ಯಾಚ್ ಕಿಡ್ಸ್’ ಎಂಬ ಜನಪ್ರಿಯ ಗೊಂಬೆಗಳನ್ನು ಅಣಕಿಸಲು. ಆ ಗೊಂಬೆಗಳ ಒಡೆತನವಿದ್ದ ಒರಿಜಿನಲ್ ಅಪಲಾಚಿಯನ್ ಆರ್ಟ್‌ವರ್ಕ್ಸ್ ಕಂಪನಿಯು 1986ರಲ್ಲಿ ಟಾಪ್ಸ್ ಮೇಲೆ ದಾವೆ ಹೂಡಿತು. ಆದರೆ ಅದಕ್ಕೂ ಮೊದಲೇ ಆ ಕಂಪನಿಯ ಸ್ಥಾಪಕರ ಮೇಲೆ ಇನ್ನೊಂದು ದಾವೆ ಇತ್ತು. ಕೆಂಟಕಿ ರಾಜ್ಯದ ಮಾರ್ಥಾ ನೆಲ್ಸನ್ ಥಾಮಸ್ ಎಂಬ ಕುಶಲಕರ್ಮಿ 1970ರ ದಶಕದ ಆರಂಭದಿಂದ ಬಟ್ಟೆಯ ಮಗುಗೊಂಬೆಗಳನ್ನು ಕೈಯಿಂದ ಹೊಲಿದು ಕರಕುಶಲ ಮೇಳಗಳಲ್ಲಿ ಮಾರುತ್ತಿದ್ದರು. ತಮ್ಮ ಕಲ್ಪನೆಯನ್ನೇ ಬಳಸಿಕೊಳ್ಳಲಾಗಿದೆಯೆಂದು ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಪ್ರಕರಣ ರಾಜಿಯಲ್ಲಿ ಮುಗಿಯಿತು. ಅಪಲಾಚಿಯನ್ ಎಂಬುದು ಒಂದು ಬೆಟ್ಟಸಾಲಿನ ಹೆಸರು. ಬೆಟ್ಟದ ಹೆಸರು ಕಂಪನಿಯ ಫಲಕವೇರಿತು, ಗೊಂಬೆಗಳು ಕೋಟಿಗಟ್ಟಲೆ ಮಾರಾಟವಾದವು. ಮೊದಲು ಸೂಜಿ ಹಿಡಿದ ಹೆಣ್ಣುಮಗಳ ಹೆಸರು ಮಾತ್ರ ಜನರಿಗೆ ತಿಳಿಯಲಿಲ್ಲ. ಬೆಟ್ಟದ ಸೀಮೆಗಳ ಕಸುಬು, ಬೀಜ, ಮದ್ದಿನ ಗಿಡಗಳು ಬಯಲಿನ ಕಂಪನಿಗಳ ಕೈಸೇರುವ ರೀತಿಯನ್ನು ಬಲ್ಲವರಿಗೆ ಈ ಕಥೆ ಅಪರಿಚಿತವೆನಿಸದು.

ನೋಡಿ ಕಲಿತು ಮಾಡುವುದು ತಪ್ಪಲ್ಲ. ಕುಂಬಾರ ಕುಂಬಾರನನ್ನು ನೋಡಿಯೇ ಮಡಕೆ ಮಾಡುತ್ತಾನೆ. ಆದರೆ ಬಿರುಕು ಬಿಟ್ಟ ಮಡಕೆಯನ್ನು ಹಿಡಿದು ಅವನ ಮನೆಯಂಗಳಕ್ಕೆ ಹೋಗಿ ಕೇಳಬಹುದು. ಅಸಲಿಯೋ ನಕಲಿಯೋ ಎನ್ನುವುದಕ್ಕಿಂತ ಮುಖ್ಯವಾದ ಪ್ರಶ್ನೆ ಇದು: ಕೇಳಹೋದರೆ ಉತ್ತರ ಕೊಡಲು ಯಾರಾದರೂ ಇದ್ದಾರೆಯೇ?

ಅಗ್ಗ ಯಾರಿಗೆ?

ಇನ್ನೊಂದು ವಾದ ಹೆಚ್ಚು ಗಂಭೀರವಾದುದು. ಬಡವರ ಮಕ್ಕಳಿಗೆ ಇಪ್ಪತ್ತು ರೂಪಾಯಿಯ ಲೋಳೆಯೂ ಬೇಡವೇ, ಪರಿಸರದ ಹೆಸರಿನಲ್ಲಿ ಅವರ ಆಟವನ್ನೂ ಕಸಿಯುವುದೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರವನ್ನು ಬೆಲೆಯ ಲೆಕ್ಕದಲ್ಲಿಯೇ ಹುಡುಕಬೇಕು. ಇಪ್ಪತ್ತು ರೂಪಾಯಿಗೆ ಸರಕು ಸಿಗುವುದು ಉಳಿದ ಖರ್ಚನ್ನು ಬೇರೆ ಯಾರೋ ಹೊತ್ತಿರುವುದರಿಂದ. ಕಾರ್ಖಾನೆಯ ಕಾರ್ಮಿಕರು ಅದರ ಒಂದು ಪಾಲು ಹೊತ್ತಿರುತ್ತಾರೆ. ಇನ್ನೊಂದು ಪಾಲನ್ನು ಮಗುವಿನ ಚರ್ಮ ಮತ್ತು ಹೊಟ್ಟೆ ಹೊರುತ್ತವೆ. ಕೊನೆಯ ಪಾಲು ಊರಿನ ನೆಲ, ಗಾಳಿ, ನೀರುಗಳ ಪಾಲಿಗೆ ಬರುತ್ತದೆ.

ಈ ಕೊನೆಯ ಪಾಲನ್ನು ಮಲೆನಾಡು ಚೆನ್ನಾಗಿ ಬಲ್ಲದು. ಜಿಗುಟು ಕೈಗೆ ಧೂಳು ಮೆತ್ತಿ ಎರಡು ದಿನದಲ್ಲಿ ಅಂಟುವ ಗುಣ ಹೋಗುತ್ತದೆ. ಲೋಳೆ ವಾರದಲ್ಲಿ ಒಣಗಿ ಚಕ್ಕೆಯಾಗುತ್ತದೆ. ಹಲ್ಲಿಯ ಬಾಲ ಕಿತ್ತುಬರುತ್ತದೆ. ಗುಜರಿಯವರು ಇದನ್ನು ಕೊಳ್ಳುವುದಿಲ್ಲ. ದೂರದೂರ ಚದುರಿದ ಒಂಟಿಮನೆಗಳ ತನಕ ಪಂಚಾಯಿತಿಯ ಕಸದ ಗಾಡಿ ಬರುವುದು ಅಪರೂಪ. ಹಾಗಾಗಿ ಅದು ಸೇರುವುದು ಎರಡೇ ಜಾಗ: ಒಂದು ಮನೆಯ ಹಿಂದಿನ ಹಳ್ಳ, ಇನ್ನೊಂದು ಬಚ್ಚಲಿನ ಒಲೆ. ಪಿ.ವಿ.ಸಿ. ಉರಿದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಅನಿಲವೂ, ಕಡಿಮೆ ಉರಿಯಲ್ಲಿ ಡಯಾಕ್ಸಿನ್ ಎಂಬ ಅತಿವಿಷಗಳೂ ಹುಟ್ಟುತ್ತವೆ. ಡಯಾಕ್ಸಿನ್ ಸುಲಭವಾಗಿ ಕೊಳೆಯುವುದಿಲ್ಲ. ಕೊಬ್ಬಿನಲ್ಲಿ ಶೇಖರವಾಗುತ್ತ ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮನುಷ್ಯನಿಗೆ ಸಾಗುತ್ತದೆ. ಇಂಥ ವಿಷಗಳನ್ನು ತಗ್ಗಿಸುವ 2001ರ ಸ್ಟಾಕ್‌ಹೋಮ್ ಒಪ್ಪಂದವನ್ನು ಭಾರತ 2006ರಲ್ಲಿ ಅನುಮೋದಿಸಿದೆ. ಆ ಒಪ್ಪಂದ ಹೆಸರಿಸಿರುವ ಮೂಲಗಳಲ್ಲಿ ಕಸವನ್ನು ಬಯಲಿನಲ್ಲಿ ಸುಡುವುದೂ ಒಂದು. ಒಲೆಯ ಬೂದಿ ಮರುದಿನ ಗೊಬ್ಬರಗುಂಡಿಗೆ, ಅಲ್ಲಿಂದ ತೋಟಕ್ಕೆ ಹೋಗುತ್ತದೆ. ಒಂದು ಹಲ್ಲಿಯಿಂದ, ಒಂದು ಡಬ್ಬಿಯಿಂದ ತೋಟ ಹಾಳಾಗದು, ನಿಜ. ಆದರೆ ಜಾತ್ರೆಯಿಂದ ಒಂದೇ ಡಬ್ಬಿ ಮನೆಗೆ ಬರುವುದಿಲ್ಲ, ವರ್ಷಕ್ಕೆ ಒಂದೇ ಜಾತ್ರೆಯೂ ನಡೆಯುವುದಿಲ್ಲ. ನದಿಗಳು ಹುಟ್ಟುವ ಜಾಗದಲ್ಲಿ ಬಿದ್ದ ಕಸಕ್ಕೆ ಕೆಳಗಿನ ಊರುಗಳೆಲ್ಲ ವಾರಸುದಾರರಾಗುತ್ತವೆ ಎಂಬುದನ್ನೂ ಮರೆಯಬಾರದು.

ಬಡವರ ಮಕ್ಕಳಿಗೆ ಆಟ ಬೇಕು. ಅದಕ್ಕಾಗಿಯೇ ಅವರಿಗೆ ಪರೀಕ್ಷೆಯಾದ ಆಟಿಕೆ ಬೇಕು. ಸುರಕ್ಷತೆಯು ದೊಡ್ಡ ಅಂಗಡಿಯಲ್ಲಿ ದುಡ್ಡು ಕೊಡಬಲ್ಲವರ ಮಕ್ಕಳಿಗೆ ಮಾತ್ರ, ಉಳಿದದ್ದು ಜಾತ್ರೆಗೆ ಎಂಬ ವಿಂಗಡಣೆಯನ್ನು ಬಡವರ ಪರವೆಂದು ಕರೆಯುವುದು ದೊಡ್ಡ ಸುಳ್ಳು.

ಕಾನೂನು ಇದೆ, ಜಾತ್ರೆಗೆ ತಲುಪಿಲ್ಲ

ಸರಕಾರ ಏನೂ ಮಾಡಿಲ್ಲವೆನ್ನುವುದು ಸರಿಯಲ್ಲ. 2009ರ ಜನವರಿಯಲ್ಲಿ ಚೀನಾದ ಆಟಿಕೆಗಳಿಗೆ ಆರು ತಿಂಗಳ ನಿಷೇಧ ಹೇರಲಾಯಿತು. ಸ್ವಲ್ಪ ಕಾಲದಲ್ಲಿಯೇ ಅದನ್ನು ಸಡಿಲಿಸಿ ಪರೀಕ್ಷಾಪತ್ರವಿರುವ ಆಟಿಕೆಗಳಿಗೆ ಬಾಗಿಲು ತೆರೆಯಲಾಯಿತು. 2020ರ ಫೆಬ್ರವರಿಯಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಬಂದಿತು. ಅದರ ಪ್ರಕಾರ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ, ದೇಶದ್ದಾಗಲಿ ವಿದೇಶದ್ದಾಗಲಿ, ಐ.ಎಸ್.ಐ. ಗುರುತು ಕಡ್ಡಾಯ. ನೋಂದಾಯಿತ ಕರಕುಶಲಕರ್ಮಿಗಳ ಆಟಿಕೆಗಳಿಗೂ, ಚನ್ನಪಟ್ಟಣದ ಗೊಂಬೆಗಳಂತೆ ಭೌಗೋಳಿಕ ಗುರುತು ಪಡೆದವಕ್ಕೂ ವಿನಾಯಿತಿಯಿದೆ. ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಲಾಯಿತು. 2014-15ರಿಂದ 2022-23ರ ನಡುವೆ ಆಟಿಕೆಗಳ ಆಮದು ಶೇ. 52ರಷ್ಟು ಇಳಿಯಿತೆಂದು ಕೇಂದ್ರ ಸರಕಾರ ಹೇಳಿದೆ.

ಆದರೂ ಮೂರು ದೊಡ್ಡ ಬಿರುಕುಗಳು ಉಳಿದಿವೆ.

ಒಂದನೆಯದು, ಜಾರಿಯ ಬಿರುಕು. 2023ರ ಜನವರಿಯಲ್ಲಿ ಮಾನಕ ಸಂಸ್ಥೆಯು ಗುರುತಿಲ್ಲದ 18,600 ಆಟಿಕೆಗಳನ್ನು ವಶಪಡಿಸಿಕೊಂಡುದು ಸುದ್ದಿಯಾಯಿತು. ದಾಳಿ ನಡೆದುದು ಹೆಚ್ಚಾಗಿ ಮಾಲುಗಳ, ವಿಮಾನನಿಲ್ದಾಣಗಳ ದೊಡ್ಡ ಅಂಗಡಿಗಳ ಮೇಲೆ. ಸಂತೆ, ಜಾತ್ರೆ, ಶಾಲೆಯ ಎದುರಿನ ಗೂಡಂಗಡಿಗಳು ಆ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ.

ಎರಡನೆಯದು, ಮಾನಕದಲ್ಲಿಯೇ ಇರುವ ಬಿರುಕು. ಆದೇಶವು ಆಧರಿಸಿರುವ ಐ.ಎಸ್. 9873 ಮಾನಕದ ಮೂರನೆಯ ಭಾಗವು ಆಟಿಕೆಯಿಂದ ಹೊರಬರುವ ಎಂಟು ಧಾತುಗಳಿಗೆ ಮಿತಿ ಹಾಕುತ್ತದೆ: ಆಂಟಿಮನಿ, ಆರ್ಸೆನಿಕ್, ಬೇರಿಯಂ, ಕ್ಯಾಡ್ಮಿಯಂ, ಕ್ರೋಮಿಯಂ, ಸೀಸ, ಪಾದರಸ, ಸೆಲೆನಿಯಂ. ಈ ಎಂಟರಲ್ಲಿ ಬೋರಾನ್ ಇಲ್ಲ. ಬ್ರಿಟನ್ನಿನ 8 ಲೋಳೆಗಳನ್ನು ಸೋಲಿಸಿದ ಅಳತೆಗೋಲೇ ಈ ಪಟ್ಟಿಯಲ್ಲಿ ಕಾಣುವುದಿಲ್ಲ ಎಂದಾಯಿತು.

ಮೂರನೆಯದು, ಕಸದ ಬಿರುಕು. 2022ರ ಜುಲೈ 1ರಿಂದ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಬಲೂನಿನ ಕಡ್ಡಿಯಿದೆ, ಮಿಠಾಯಿಯ ಕಡ್ಡಿಯಿದೆ. ಎರಡು ದಿನ ಬಾಳುವ ಆಟಿಕೆಯಿಲ್ಲ. ತಯಾರಕರೇ ಕಸವನ್ನು ಹಿಂದಕ್ಕೆ ಪಡೆಯಬೇಕೆಂಬ ಹೊಣೆಗಾರಿಕೆಯೂ ಪ್ಲಾಸ್ಟಿಕ್ ಪೊಟ್ಟಣಕ್ಕೆ ಸಂಬಂಧಿಸಿದ್ದು. ಪೊಟ್ಟಣಕ್ಕೆ ಒಡೆಯನಿದ್ದಾನೆ, ಅದರೊಳಗಿನ ಆಟಿಕೆ ಅನಾಥ.

ಊರು ಮಾಡಬಹುದಾದದ್ದು

ಜಾತ್ರೆಯಲ್ಲಿ ಆಟಿಕೆ ಹರಡಿಕೊಂಡು ಕುಳಿತ ವ್ಯಾಪಾರಿಯನ್ನು ಓಡಿಸುವುದು ಪರಿಹಾರವಲ್ಲ. ಅವನೂ ಊರಿಂದೂರಿಗೆ ಅಲೆಯುವ ಬಡವ. ಸಗಟು ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಮಾರುತ್ತಾನೆ. ಕೇಳಬೇಕಾದುದು ಅವನಿಗೆ ಸರಕು ಕೊಟ್ಟವರನ್ನು. ಆದರೆ ಕೇಳುವ ಕೆಲಸ ಜಾತ್ರೆಯಿಂದಲೇ ಆರಂಭವಾಗಬೇಕು. ಅಂಗಡಿಯ ಜಾಗ ಹರಾಜು ಹಾಕುವುದು ದೇವಸ್ಥಾನದ ಸಮಿತಿ ಅಥವಾ ಪಂಚಾಯಿತಿ. ತಯಾರಕರ ಹೆಸರು, ವಿಳಾಸ ಮತ್ತು ಐ.ಎಸ್.ಐ. ಗುರುತು ಇಲ್ಲದ ಆಟಿಕೆಗಳಿಗೆ ಈ ಜಾತ್ರೆಯಲ್ಲಿ ಜಾಗವಿಲ್ಲವೆಂಬ ಒಂದು ಸಾಲನ್ನು ಹರಾಜಿನ ಷರತ್ತುಗಳಿಗೆ ಸೇರಿಸಲು ದೆಹಲಿಯ ಅಪ್ಪಣೆ ಬೇಕಾಗಿಲ್ಲ. ಜಾತ್ರೆಗೆ ತಿಂಗಳುಗಳ ಮೊದಲೇ ಅದನ್ನು ಸಾರಿದರೆ ವ್ಯಾಪಾರಿಗೂ ನಷ್ಟವಾಗದು, ಸಗಟು ಅಂಗಡಿಗೂ ಸಂದೇಶ ಮುಟ್ಟುತ್ತದೆ.

ಇದು ಹೊಸ ಹಕ್ಕೂ ಅಲ್ಲ. 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಬೆಲೆ ಇರಲೇಬೇಕು. ಇಲ್ಲದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು; ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು. ಐ.ಎಸ್.ಐ. ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆ ನಿಜವೋ ಸುಳ್ಳೋ ಎಂಬುದನ್ನು ಮಾನಕ ಸಂಸ್ಥೆಯ ‘ಬಿ.ಐ.ಎಸ್. ಕೇರ್’ ಮೂಲಕ ಮೊಬೈಲಿನಲ್ಲಿಯೇ ನೋಡಬಹುದು. ಪ್ರೌಢಶಾಲೆ, ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪರಿಸರ ಅಧ್ಯಯನ ಬೇರೆ ಬೇಕಾಗಿಲ್ಲ. ಒಂದು ಜಾತ್ರೆಯಲ್ಲಿ ಎಷ್ಟು ಬಗೆಯ ಆಟಿಕೆಗಳಿದ್ದವು, ಎಷ್ಟರ ಮೇಲೆ ಹೆಸರಿತ್ತು, ಎಷ್ಟರ ಮೇಲೆ ಗುರುತಿತ್ತು, ತಿಂಗಳ ನಂತರ ಅವು ಎಲ್ಲಿ ಬಿದ್ದಿದ್ದವು ಎಂಬ ಪಟ್ಟಿಯೊಂದನ್ನು ಮಾಡಿ ಗ್ರಾಮಸಭೆಯ ಮುಂದಿಡಬಹುದು. ಲೋಳೆಯ ಆಟಿಕೆಗಳಿಗೆ ಬೋರಾನ್ ಮಿತಿ ಗೊತ್ತುಪಡಿಸಬೇಕೆಂಬ, ಆಟಿಕೆಗಳಿಗೂ ತಯಾರಕರ ಹೊಣೆಗಾರಿಕೆ ವಿಸ್ತರಿಸಬೇಕೆಂಬ ಗ್ರಾಮಸಭೆಯ ನಿರ್ಣಯವು ಆ ಪಟ್ಟಿಯೊಂದಿಗೆ ಹೋದರೆ ಅದಕ್ಕೆ ತೂಕವಿರುತ್ತದೆ.

ಶಾಲೆಗಳಿಗೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ವಿಜ್ಞಾನ ಪ್ರಯೋಗದ ಹೆಸರಿನಲ್ಲಿ ಬಿಳಿಗಾರ ಮತ್ತು ಅಂಟು ಕಲಸಿ ಮಕ್ಕಳಿಂದ ಬರಿಗೈಯಲ್ಲಿ ಲೋಳೆ ಮಾಡಿಸುವ ಕ್ರಮ ಕೈಬಿಡುವುದು ಒಳ್ಳೆಯದು. ಲೋಳೆಯ ವಿಜ್ಞಾನವನ್ನು ಹೇಳಿಕೊಡಲು ದಾಸವಾಳದ ಎಲೆ, ಲೋಳೆಸರ, ಬೆಂಡೆಕಾಯಿ ಸಾಕು. ಉದ್ದನೆಯ ಅಣುಸರಪಳಿ ನೀರನ್ನು ಹಿಡಿದಿಟ್ಟುಕೊಳ್ಳುವ ಬಗೆ ಅಲ್ಲಿಯೂ ಇದೆ. ಇದು ಹಳೆಯದೆಲ್ಲ ಶ್ರೇಷ್ಠವೆಂಬ ಮಾತಲ್ಲ. ಗತಕಾಲದ ಹಂಬಲವನ್ನು ಡಬ್ಬಿಯಲ್ಲಿ ತುಂಬಿ ಮಾರುವುದು ಹೇಗೆ ಮೋಸವೋ, ‘ನಮ್ಮ ಕಾಲದ ಆಟಗಳೇ ಆಟ’ ಎಂದು ಹೇಳಿ ಮಕ್ಕಳ ಬಾಯಿ ಮುಚ್ಚಿಸುವುದೂ ಹಾಗೆಯೇ ಮೋಸ. ಮಗುವಿಗೆ ಹೊಸ ಆಟಿಕೆಯೂ ಬೇಕು, ಬಣ್ಣವೂ ಬೇಕು, ಇಸ್ಸಿ ಎನ್ನಿಸುವ ನಗುವೂ ಬೇಕು. ಅದನ್ನು ಮಾಡಿಕೊಟ್ಟವರು ಒಳಗೇನಿದೆಯೆಂದು ಹೇಳಲಿ, ಆಟ ಮುಗಿದ ಮೇಲೆ ಉಳಿಯುವ ಕಸಕ್ಕೂ ಹೊಣೆಯಾಗಲಿ ಎಂಬುದಷ್ಟೇ ಬೇಡಿಕೆ.

ಮುಂದಿನ ಜಾತ್ರೆಯ ಅಂಗಡಿ ಹರಾಜಿಗೆ ಇನ್ನೂ ಕಾಲವಿದೆ. ಷರತ್ತಿನ ಆ ಒಂದು ಸಾಲನ್ನು ಈಗಲೇ ಬರೆದಿಡಬಹುದು.